ನೀಲಿ ಉಣ್ಣೆಯ ನೊಣ

ರಬ್ಬರ್ ಪ್ಯಾಂಟಿಗೆ ಎರಡನೆಯ ಕಾಲು ಇಳಿಯಲೊಲ್ಲದು. ಒಂದು ಕಾಲು ಒಳಗೆ, ಒಂದು ಹೊರಗೆ, ಮರದ ಮನೆಯ ಜಗಲಿಯ ಕಂಬ ಹಿಡಿದು ಅವನು ಕುಪ್ಪಳಿಸುತ್ತಿದ್ದ. ಎದೆಯವರೆಗೆ ಬರುವ, ಬೂಟು ಸಮೇತ ಒಂದೇ ತುಂಡಾಗಿರುವ ಈ ಪ್ಯಾಂಟನ್ನು ಏರಿಸುವ ಮುಂಚೆ ಎಲ್ಲವನ್ನೂ ಮುಗಿಸಿಕೊಂಡಿರಬೇಕು, ನೀರಿಗಿಳಿದ ಮೇಲೆ ಸಾಧ್ಯವಿಲ್ಲ ಎಂದು ಮೊದಲ ದಿನ ಉಳಿದಿಬ್ಬರಿಗೆ ಉಪದೇಶ ಮಾಡಿದವನು ಅವನೇ. ಈಗ ಆ ಉಪದೇಶ ಹೊಟ್ಟೆಯ ಕೆಳಗೆ ಒತ್ತುತ್ತಿತ್ತು. ಆದರೆ ಮನೆಗಿದ್ದ ಒಂದೇ ಒಂದು ಪಾಯಿಖಾನೆಯೊಳಗೆ ಜೊತೆಗೆ ಬಂದಿದ್ದ ಹಲ್ಲಿನ ಡಾಕ್ಟರು ಹೊಕ್ಕು ಬಹಳ ಹೊತ್ತಾಗಿತ್ತು. ಒಳಗಿನಿಂದ ಯಾವುದೋ ಹಾಡಿನ ಗುನುಗು ಬರುತ್ತಿತ್ತು, ಅವಸರವೇ ಇಲ್ಲದ ಗುನುಗು. ಇತರರ ಬಾಯಿ ತೆರೆಸಿ ಕೂರಿಸಿ ಅಭ್ಯಾಸವಾದವರಿಗೆ ಹೊರಗೆ ಒಬ್ಬ ಕಾಯುತ್ತಿದ್ದಾನೆ ಎಂಬುದು ಅರಿವಿಗೆ ಬರುವುದಿಲ್ಲ ಎಂದುಕೊಂಡ. ಬಾಗಿಲು ತಟ್ಟಬಹುದಿತ್ತು. ಗುರುಗಳು ಎನ್ನಿಸಿಕೊಂಡವನು ಪಾಯಿಖಾನೆಯ ಬಾಗಿಲು ತಟ್ಟುವುದು ಹೇಗೆ?

"ಭಾವ, ಇವತ್ತೇ ಕೊನೇ ದಿನ," ಎಂದು ಒಳಗಿನಿಂದ ಭಾವಮೈದ ಕೂಗಿದ. ಹೆಂಡತಿಯ ತಮ್ಮ, ಊರಿನ ಅರ್ಧ ಕಟ್ಟಡ ಕಟ್ಟಿದ ಕಂಟ್ರಾಕ್ಟರ. ಪಿಸುಮಾತನ್ನೂ ನಾಲ್ಕನೇ ಮಹಡಿಗೆ ಕೇಳುವ ಹಾಗೆ ಆಡುವವನು. "ನಮ್ಮ ಕಥೆ ಬಿಡಿ. ನಿಮ್ಮ ಕೈಚಳಕ ಒಂದು ಸಲ ಕಣ್ಣಾರೆ ನೋಡ್ಬೇಕು. ಅಕ್ಕನಿಗೆ ಫೋಟೋ ಕಳಿಸ್ತೀನಿ ಅಂತ ಹೇಳಿ ಬಂದಿದೀನಿ."

ಬಂದಾಗಿನಿಂದ ಯಾರಿಗೂ ಒಂದು ಮೀನೂ ಸಿಕ್ಕಿರಲಿಲ್ಲ. ರಸ್ತೆ ಮುಗಿದ ಮೇಲೂ ಜೀಪಿನಲ್ಲಿ ಅರ್ಧ ದಿನ ಕುಲುಕಾಡಿಕೊಂಡು, ಆಮೇಲೆ ಸಾಮಾನು ಹೊತ್ತು ಗುಡ್ಡ ಇಳಿದು, ಫೋನಿಗೆ ಸಿಗ್ನಲ್ ಇಲ್ಲದ, ಮನುಷ್ಯರ ಸುಳಿವಿಲ್ಲದ ಈ ಕಾಡಿನ ಹೊಳೆಗೆ ಬಂದು, ಮೂವರೂ ಬೆಳಗಿನಿಂದ ಸಂಜೆಯವರೆಗೆ ನೀರಿಗೆ ಗಾಳದ ದಾರವನ್ನು ಚಾಟಿಯ ಹಾಗೆ ಬೀಸಿದ್ದರು. ಮೊದಲ ದಿನ ಅವನು ನೀರು ಬಹಳ ತಿಳಿಯಾಗಿದೆ ಎಂದ. ಮಾರನೆಯ ದಿನ ಅದೇ ನೀರು ಕೊಂಚ ಕದಡಿದೆ ಎಂದ. ಎರಡನ್ನೂ ಅವರು ತಲೆಯಾಡಿಸಿ ಒಪ್ಪಿಕೊಂಡರು. ಅದೇ ಅವನನ್ನು ಕೊರೆಯುತ್ತಿತ್ತು. ಒಬ್ಬರಾದರೂ, ಅದು ಹೇಗೆ ಸ್ವಾಮಿ, ಎಂದು ಕೇಳಿದ್ದರೆ ಜಗಳವಾಡಿಯಾದರೂ ಬದುಕಿಕೊಳ್ಳಬಹುದಿತ್ತು. ನಂಬುವವರ ಜೊತೆ ಜಗಳಕ್ಕೆ ದಾರಿಯೇ ಇಲ್ಲ. ಸತ್ಯ ಏನೆಂದರೆ, ಅವನು ಹುಟ್ಟಿದಾಗಿನಿಂದ ಒಂದೇ ಒಂದು ಮೀನು ಹಿಡಿದವನಲ್ಲ. ಹಿಡಿಯುವವನನ್ನು ನೋಡಿದ್ದ, ಅಷ್ಟೇ. ಕಂಪನಿಯವರು ಅವನನ್ನು ಯಾವಾಗಲೋ ತರಬೇತಿಗೆಂದು ಕಳಿಸಿದ್ದಾಗ ಉಳಿದುಕೊಂಡಿದ್ದ ವಸತಿಗೃಹದ ಕಿಟಕಿಯಿಂದ ಒಂದು ಹೊಳೆ ಕಾಣುತ್ತಿತ್ತು. ಅದರ ನಡುವೆ ಟೋಪಿ ಹಾಕಿಕೊಂಡ ಒಬ್ಬ ಮುದುಕ ನಿಂತು ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬರೆಯುತ್ತಿದ್ದ. ಕೋಣೆಯ ಕಪಾಟಿನಲ್ಲಿ ಅದರ ಬಗ್ಗೆಯೇ ಒಂದು ಹಳೆಯ ಪುಸ್ತಕವಿತ್ತು. ಹೊರಗೆ ಚಳಿ, ಮಾತಿಗೆ ಯಾರೂ ಇಲ್ಲ. ಗಾಳದ ಕೊಕ್ಕೆಗೆ ಗರಿ, ಉಣ್ಣೆ ಸುತ್ತಿ ನೊಣದ ಹಾಗೆ ಮಾಡುವುದು, ಅದು ನೀರಿನ ಮೇಲೆ ಕೂತ ಹಾಗೆ ಕಾಣಿಸುವುದು, ಹಿಡಿದ ಮೀನನ್ನು ತಿರುಗಿ ನೀರಿಗೇ ಬಿಡುವುದು, ಎಲ್ಲವನ್ನೂ ಅವನು ಪರೀಕ್ಷೆಗೆ ಓದುವವನ ಹಾಗೆ ಓದಿದ್ದ. ಕಿಟಕಿಯ ಹೊರಗಿನ ಮುದುಕನಿಗೂ ಏನೂ ಸಿಗಲಿಲ್ಲ ಎಂಬುದು ಅವನಿಗೆ ನೆನಪಿತ್ತು.

ಆಮೇಲೆ ಭಾವಮೈದನ ಹೊಸ ಮನೆಯ ಊಟ. ಮೇಜಿನ ಸುತ್ತ ಕೂತವರೆಲ್ಲ ತಾವು ನೋಡಿಬಂದ ದೇಶ, ಹತ್ತಿದ ಬೆಟ್ಟ, ಮಲಗಿದ ಹಾಸಿಗೆಗಳ ವಿಷಯ ಹೇಳಿ ಮುಗಿಸಿ, ಸೌಜನ್ಯಕ್ಕೆಂದು ಅವನ ಕಡೆ ತಿರುಗಿ, ಈಗ ಕೆಲಸ ಹೇಗಿದೆ ಎಂದು ಕೇಳಿದ್ದರು. ಅವನದು ನೊಣ, ಜಿರಳೆ, ಸೊಳ್ಳೆಗಳಿಗೆ ಔಷಧಿ ಮಾಡುವ ಕಂಪನಿ. ಅದರಲ್ಲಿ ಅವನದು ದೂರು ವಿಭಾಗ. ನಿಮ್ಮ ಔಷಧಿ ಹೊಡೆದರೂ ನೊಣ ಸಾಯಲಿಲ್ಲ ಎಂದು ಬರೆದವರಿಗೆ, ತಾವು ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿದಿರಾ ಎಂದು ಉತ್ತರ ಬರೆಯುವುದು ಅವನ ಕೆಲಸ. ಊಟದ ಮೇಜಿನಲ್ಲಿ ಹೇಳುವಂಥದ್ದಲ್ಲ. ಕೆಲಸ ಇದ್ದೇ ಇದೆ, ಆವಾಗ ತರಬೇತಿಗೆ ಹೋದಾಗ ಸ್ವಲ್ಪ ಮೀನು ಹಿಡಿಯುವ ಹುಚ್ಚು ಹತ್ತಿತು ನೋಡಿ, ನೊಣದ ಗಾಳದಲ್ಲಿ, ಎಂದುಬಿಟ್ಟ. ಯಾಕೆ ಹಾಗೆ ಹೇಳಿದನೋ.  ಸಿಕ್ಕಿತಾ ಎಂದು ಭಾವಮೈದನ ಗೆಳೆಯರಾದ ಹಲ್ಲಿನ ಡಾಕ್ಟರು ಮುಂದಕ್ಕೆ ಬಾಗಿ ಕೇಳಿದರು. "ಸಿಕ್ಕಿತ್ತು. ಬಿಟ್ಟುಬಿಟ್ಟೆ," ಎಂದ. ಆ ಬಿಟ್ಟುಬಿಟ್ಟೆ ಎಂಬ ಮಾತು ಅಲ್ಲಿ ಕೂತ ಎಲ್ಲ ಬೆಟ್ಟಗಳನ್ನೂ ಹಾಸಿಗೆಗಳನ್ನೂ ಒಂದೇ ಏಟಿಗೆ ಮಲಗಿಸಿತು. ಮೇಜಿನ ಆ ತುದಿಯಿಂದ ಹೆಂಡತಿ ಅವನನ್ನು, ಮನೆಯಲ್ಲೇ ಇಷ್ಟು ದಿನ ಕಾಣದೆ ಇದ್ದ ಒಂದು ಸಾಮಾನು ಸಿಕ್ಕವಳ ಹಾಗೆ, ನೋಡಿದಳು.

ಹಾಗೆ ಅವನು ಗುರುಗಳಾದ. ಪ್ರತಿ ಊಟಕ್ಕೂ ಮೀನು ಒಂದು ಗೇಣು ಬೆಳೆಯಿತು. ಭಾವಮೈದ ಅವನಿಗೊಂದು ಟೋಪಿ ತಂದುಕೊಟ್ಟ. ಗಾಳದ ಕೋಲನ್ನು ಗುರುಗಳೇ ಕೊಂಡು, ಭಾನುವಾರ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತು ಬೀಸುವುದನ್ನು ಕಲಿತ. ಒಮ್ಮೆ ಪಕ್ಕದ ಮನೆಯಾಕೆ ಒಣಹಾಕಿದ್ದ ಲಂಗ ಸಿಕ್ಕಿಬಿದ್ದು, ಅದನ್ನು ಬಿಡಿಸಿಕೊಡಲು ಅವರ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ಅವನ ಇಷ್ಟು ವರ್ಷದ ಬೇಟೆಯಲ್ಲಿ ನಿಜವಾಗಿ ಸಿಕ್ಕಿದ್ದು, ನಿಜವಾಗಿ ಬಿಟ್ಟಿದ್ದು ಅದೊಂದೇ. ಹಾಗೆಂದು ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಎನಿಸುತ್ತಿರಲಿಲ್ಲ. ಹೆಂಡತಿಯ ತವರಿನಲ್ಲಿ ಅವನಿಗೊಂದು ಕುರ್ಚಿ ಇತ್ತು, ಮಾತು ಮುಗಿಯುವ ತನಕ ಕೇಳುವ ಜನ ಇದ್ದರು. ಅದು ಹೋದರೆ ಉಳಿಯುವುದು ದೂರು ವಿಭಾಗ. ಯಾವಾಗ ಈ ಕಾಡಿನ ಪ್ರವಾಸವನ್ನು ಭಾವಮೈದ ಸುಮ್ಮನೆ ಮಾತಾಡಿ ಬಿಡದೆ ನಿಜಕ್ಕೂ ಗೊತ್ತು ಮಾಡಿಬಂದನೋ ಅವತ್ತು ಅವನಿಗೆ ಜ್ವರ ಬಂದ ಹಾಗಾಯಿತು. ಹೊರಡುವ ಹಿಂದಿನ ಸಂಜೆ ಹೆಂಡತಿ ಚೀಲ ತುಂಬುತ್ತ, ತಲೆ ಎತ್ತದೆ, "ನಿಮಗೆ ನಿಜವಾಗ್ಲೂ ಬರುತ್ತಾ ಅದು?" ಎಂದಳು. ಅವನು ಟೋಪಿಯ ಅಂಚು ಸರಿಮಾಡಿದ. "ಬರದೇ ಇದ್ರೆ ಈಗ್ಲೇ ಹೇಳಿ. ಕಾಲು ಉಳುಕಿತು ಅಂತ ಅವನಿಗೆ ನಾನೇ ಫೋನ್ ಮಾಡ್ತೀನಿ." ಎಷ್ಟು ಸಲೀಸಾಗಿ ಹೇಳಿದಳೆಂದರೆ, ಅವಳು ಈ ಉಳುಕಿದ ಕಾಲನ್ನು ಬಹಳ ದಿನದಿಂದ ತಯಾರು ಮಾಡಿ ಇಟ್ಟುಕೊಂಡಿರಬೇಕು. ಅವನು ರೇಗಿದ. ನಿನಗೆ ನನ್ನ ಮೇಲೆ ನಂಬಿಕೆ ಎನ್ನುವುದೇ ಇಲ್ಲ ಎಂದು, ನಂಬಿಕೆಗೆ ಒಂದು ಚೂರೂ ಅರ್ಹನಲ್ಲದವನು ಮಾತ್ರ ರೇಗಬಹುದಾದಷ್ಟು ರೇಗಿದ. ಅವಳು ಇನ್ನೊಂದು ಜೊತೆ ಕಾಲುಚೀಲ ತುರುಕಿ ಜಿಪ್ ಎಳೆದಳು.

ಕಡೆಗೂ ಡಾಕ್ಟರು ಗುನುಗುತ್ತ ಹೊರಬಂದರು, ಆದರೆ ಆಗ ಅವನ ಎರಡನೆಯ ಕಾಲೂ ಪ್ಯಾಂಟಿನೊಳಗೆ ಇಳಿದುಬಿಟ್ಟಿತ್ತು. ಹೊಳೆಯ ದಾರಿಯಲ್ಲಿ ಡಾಕ್ಟರು ನಡೆಯುತ್ತಲೇ ತಮ್ಮ ನೊಣದ ಡಬ್ಬಿ ತೆರೆದು ಮುಂದೆ ಹಿಡಿದರು. ಎಲ್ಲ ಹೊರದೇಶದ್ದು, ಒಂದೊಂದೂ ಒಂದೊಂದು ಖಾನೆಯಲ್ಲಿ, ಹಲ್ಲಿನ ಅಳತೆಯ ಹಾಗೆ ಸಣ್ಣದರಿಂದ ದೊಡ್ಡದಕ್ಕೆ. "ಗುರುಗಳೇ, ಇವತ್ತು ಯಾವುದು?" ಅವನು ಆಕಾಶ ನೋಡಿ, ನೀರಿನ ಕಡೆ ಮೂಗೇರಿಸಿ, ಬಾಯಿಗೆ ಬಂದಂತೆ ಕಂದು ಬಣ್ಣದ್ದನ್ನು ತೋರಿಸಿದ. ಡಾಕ್ಟರು ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಅದನ್ನು ಮೆಲ್ಲಗೆ ಎತ್ತಿಕೊಂಡರು. ಊರಿನಲ್ಲಿ ಎಷ್ಟೋ ಬಾಯಿಗಳೊಳಗೆ ಹೋಗಿಬಂದ ಇಕ್ಕಳವಿರಬೇಕು. ಅವನದೇ ನೊಣ ಅವನ ಟೋಪಿಗೆ ಚುಚ್ಚಿತ್ತು. ಹೆಂಡತಿಯ ಹಳೆಯ ಸ್ವೆಟರಿನ ನೀಲಿ ಉಣ್ಣೆ, ದಿಂಬಿನ ಒಂದು ಗರಿ. ಮೊದಲ ದಿನವೇ ಭಾವಮೈದ ಅದನ್ನು ನೋಡಿ, ಇದು ನಮ್ಮಕ್ಕನ ಸ್ವೆಟರ್ ಅಲ್ಲವಾ ಎಂದು ಗುರುತು ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈ ಹೊಳೆಯಲ್ಲೇ ಯಾಕೆ, ಪ್ರಪಂಚದಲ್ಲೇ ಇಂಥ ನೀಲಿ ನೊಣ ಇನ್ನೊಂದಿಲ್ಲ ಎಂದಿದ್ದ. ನಕ್ಕವನು ಮರುಗಳಿಗೆ ಗಂಭೀರವಾಗಿ, ಹಿಡಿದ ಮೀನಿನಲ್ಲಿ ಒಂದನ್ನಾದರೂ ಹುರಿದು ತಿನ್ನೋಣವೇ ಎಂದು ಕೇಳಿದ. ಆಗ ಗುರುಗಳಾಗಿ ತಾನು ಕೊಟ್ಟ ಭಾಷಣ ಈಗಲೂ ಅವನ ಕಿವಿಯಲ್ಲಿತ್ತು. ಹಿಡಿಯುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಒದ್ದೆ ಮಾಡಿಕೊಳ್ಳದ ಕೈಯಲ್ಲಿ ಮೀನನ್ನು ಮುಟ್ಟುವವನು ಕಟುಕ. ನಿನ್ನ ಉಸಿರು ನೀನು ಎಷ್ಟು ಹೊತ್ತು ಕಟ್ಟಬಲ್ಲೆಯೋ ಅಷ್ಟೇ ಹೊತ್ತು ಅದನ್ನು ನೀರಿನಿಂದ ಎತ್ತು. ಇಲ್ಲಿ ಒಂದು ಮೀನು ಸತ್ತರೆ ನಾನು ಈ ಟೋಪಿ ತೆಗೆದಿಟ್ಟು ವಾಪಸು ನಡೆದುಬಿಡುತ್ತೇನೆ. ಡಾಕ್ಟರ ಕಣ್ಣು ಒದ್ದೆಯಾಗಿತ್ತು. ಈ ಬಿಡುವ ನಿಯಮ ಅವನಿಗೆ ಬಹಳ ಇಷ್ಟ. ಹಿಡಿದದ್ದಕ್ಕೂ ಹಿಡಿಯದ್ದಕ್ಕೂ ಗುರುತು ಉಳಿಯದಂತೆ ಮಾಡುವ ಇಂಥ ನಿಯಮ ಬೇರೆ ಯಾವ ಆಟದಲ್ಲೂ ಇಲ್ಲ.

ಎಲ್ಲಕ್ಕಿಂತ ಮೇಲಿನ ಆಳದ ಮಡುವನ್ನು ಗೌರವದಿಂದ ಅವನಿಗೇ ಬಿಟ್ಟಿದ್ದರು. ತಿರುವಿನ ಕೆಳಗೆ ಡಾಕ್ಟರು. ಅದಕ್ಕೂ ಕೆಳಗೆ, ಮನೆಯ ಹತ್ತಿರ, ಭಾವಮೈದ. ಭಾವಮೈದನೋ ಕೋಲನ್ನು ಎರಡು ಕಲ್ಲಿನ ನಡುವೆ ಸಿಕ್ಕಿಸಿ ಮಲಗಿಬಿಡುತ್ತಿದ್ದ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಅವಸರಕ್ಕೆ ಇರಲಿ ಎಂದು ಭಾವಮೈದ ಮೂವರ ಕುತ್ತಿಗೆಗೂ ಒಂದೊಂದು ಪೀಪಿ ಕಟ್ಟಿದ್ದ. ಮೇಲಿನ ಮಡುವಿನಲ್ಲಿ ಅವನು ಬೀಸಿದ, ದಾರ ಹಿಂದಿನ ಪೊದೆಗೆ ಸಿಕ್ಕಿತು, ಬಿಡಿಸಿದ, ಮತ್ತೆ ಬೀಸಿದ. ಬಿಸಿಲು ಏರಿತು. ಕೊನೆಗೆ ತಡೆಯಲಾರದೆ ನೀರಿನ ಅಂಚಿಗೆ ಬಂದು, ಕೋಲನ್ನು ಕಂಕುಳಲ್ಲಿ ಅವುಚಿ, ಹೆಗಲ ಪಟ್ಟಿಗಳನ್ನು ಜಾರಿಸಿ, ರಬ್ಬರ್ ಪ್ಯಾಂಟನ್ನು ಮೊಣಕಾಲಿನವರೆಗೆ ಇಳಿಸಿ ನಿಂತ. ದಾರ ತನ್ನಷ್ಟಕ್ಕೆ ಮಡುವಿನ ಕಡೆ ಹರಿದುಹೋಗಿತ್ತು. ಬೆಳಗಿನಿಂದ ಕಟ್ಟಿಕೊಂಡಿದ್ದು ಇಳಿಯತೊಡಗಿ, ಬಹುಶಃ ಈ ಪ್ರವಾಸದಲ್ಲೇ ಮೊದಲ ಸಲ ಅವನಿಗೆ ಹಾಯೆನಿಸಿದ ಹೊತ್ತಿಗೆ, ಕಂಕುಳಲ್ಲಿದ್ದ ಕೋಲನ್ನು ಯಾರೋ ಕಿತ್ತುಕೊಂಡರು.

ಕಲ್ಲಿಗೆ ಸಿಕ್ಕಿತು ಎಂದು ಬೈದುಕೊಂಡ. ಎರಡೂ ಕೈಯಲ್ಲಿ ಕೋಲು ಹಿಡಿದು ಎಳೆದ. ಕಲ್ಲು ಅಲ್ಲಾಡಲಿಲ್ಲ. ಆಮೇಲೆ ಕಲ್ಲು ಪಕ್ಕಕ್ಕೆ ಸರಿಯಿತು. ಸರಿದು, ಯೋಚಿಸಿ, ಹೊರಟೇಹೋಯಿತು. ದಾರ ನೀರನ್ನು ಸೀಳಿಕೊಂಡು ಆ ದಡಕ್ಕೆ ಓಡಿತು, ಕೋಲು ಬಾಗಿ ನಡುಗಿತು, ಆ ನಡುಕ ಮೊಣಕೈವರೆಗೆ, ಹೆಗಲವರೆಗೆ, ಹಲ್ಲಿನ ಬುಡದವರೆಗೆ ಬಂತು. ಪುಸ್ತಕದಲ್ಲಿ ಇದ್ಯಾವುದೂ ಇರಲಿಲ್ಲ. ಅಥವಾ ಇತ್ತು, ಇದೇ ಎಂದು ತಿಳಿದಿರಲಿಲ್ಲ. ಮೊಣಕಾಲಿಗೆ ಸುತ್ತಿಕೊಂಡ ಪ್ಯಾಂಟಿನಲ್ಲಿ ಹೆಜ್ಜೆ ಹಾಕಲಾರದೆ ಅವನು ಬಾತುಕೋಳಿಯ ಹಾಗೆ ಅಂಚಿನಲ್ಲಿ ತೊಡರಿಕೊಂಡು ಸರಿದಾಡಿದ. ಒಮ್ಮೆ ಬಿದ್ದ. ಬಿದ್ದುಕೊಂಡೇ ದಾರ ಸುತ್ತಿದ. ಬಾಯಿಂದ ಯಾವುದೋ ಸದ್ದು ಬರುತ್ತಿತ್ತು, ಅಳುವೂ ಅಲ್ಲ, ಬೈಗುಳವೂ ಅಲ್ಲ. ಯಾರಿಗೂ ಕಾಣದ ಹಾಗೆ, ಬೆತ್ತಲೆ ತೊಡೆಗೆ ಜಲ್ಲಿಕಲ್ಲು ಚುಚ್ಚಿಸಿಕೊಂಡು, ಅವನು ಇಷ್ಟು ವರ್ಷ ಊಟದ ಮೇಜುಗಳ ಮೇಲೆ ಹಿಡಿದಿದ್ದ ಮೀನನ್ನು ಹಿಡಿದ. ಅದು ಅಂಚಿಗೆ ಬಂದು ಮಗ್ಗುಲಾಯಿತು. ಮೊಣಕೈಯಷ್ಟು ಉದ್ದ. ಹೊಟ್ಟೆಯ ಹತ್ತಿರ ತಾಮ್ರದ ಬಣ್ಣ, ಬೆನ್ನಿನ ಮೇಲೆ ಯಾರೋ ಮಸಿಯ ಕುಂಚ ಒದರಿದ ಹಾಗೆ ಚುಕ್ಕೆ. ದವಡೆಯ ಮೂಲೆಯಲ್ಲಿ ನೀಲಿ ಉಣ್ಣೆ. ಅದು ಅವನನ್ನು ನೋಡುತ್ತಿರಲಿಲ್ಲ. ಮೀನಿನ ಕಣ್ಣು ಯಾರನ್ನೂ ನೋಡುವುದಿಲ್ಲ. ಕೈ ಒದ್ದೆ ಇದೆಯೇ ಎಂಬುದು ಅವನಿಗೆ ಮರೆತೇಹೋಯಿತು.

ಈಗ ಬಿಡಬೇಕು. ಬಿಟ್ಟರೆ? ಬಿಟ್ಟರೆ ಸಂಜೆ ಸಿಕ್ಕಿತ್ತು, ಬಿಟ್ಟುಬಿಟ್ಟೆ ಎನ್ನಬೇಕು. ಅದೇ ಮಾತು, ಅದೇ ಧ್ವನಿ. ಅವರು ತಲೆಯಾಡಿಸುತ್ತಾರೆ, ಎಂದಿನಂತೆ ನಂಬುತ್ತಾರೆ. ಈ ಮೀನು ಹೋಗಿ ಆ ಸುಳ್ಳು ಮೀನುಗಳ ಸಾಲಿನಲ್ಲಿ, ಒಂದು ಕೂದಲಿನಷ್ಟೂ ಹೆಚ್ಚು ತೂಕವಿಲ್ಲದೆ, ಸೇರಿಕೊಳ್ಳುತ್ತದೆ. ಅವನಿಗೆ ಅದು ಸಹಿಸಲಾಗಲಿಲ್ಲ. ಕೂಗಿದ, ಹೊಳೆಯ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ. ಪೀಪಿ ಎದೆಯ ಮೇಲಿತ್ತು, ಎರಡೂ ಕೈ ಮೀನಿನ ಮೇಲಿದ್ದವು. ಅದನ್ನು ಎತ್ತಿ ತಿರುವಿನ ಕಡೆ ತೋರಿಸಿದ, ಯಾರೂ ಇಲ್ಲದ ತಿರುವಿಗೆ. ಮತ್ತೆ ಎತ್ತಿದ. ಆಮೇಲೆ ಫೋಟೋ ಎನಿಸಿತು. ಮೀನನ್ನು ಜಲ್ಲಿಯ ಮೇಲೆ ಮಲಗಿಸಿ, ಒಂದು ಮೊಣಕಾಲಿನಿಂದ ಮೆಲ್ಲಗೆ ಒತ್ತಿಹಿಡಿದು, ಚೀಲದಿಂದ ಫೋನು ತೆಗೆದ. ಒದ್ದೆ ಬೆರಳು ಅದಕ್ಕೆ ಬೆರಳೇ ಅಲ್ಲ. ಮುಖ ತೋರಿಸಿದ. ಟೋಪಿ, ಬೆವರು, ಕೆಸರು. ಫೋನು ಅವನ ಮುಖವನ್ನು ಗುರುತಿಸಲಿಲ್ಲ. ಟೋಪಿ ತೆಗೆದು ತೋರಿಸಿದ, ಗುರುತಿಸಲಿಲ್ಲ. ನಗುಮುಖ ಮಾಡಿ ತೋರಿಸಿದ. ಮೊಣಕಾಲಿನ ಕೆಳಗೆ ಮೀನು ಎರಡು ಸಲ ಬಲವಾಗಿ, ಒಂದು ಸಲ ಸಾಧಾರಣವಾಗಿ ಬಡಿದುಕೊಂಡಿತು. ದೂರುಗಳಿಗೆ ಉತ್ತರ ಬರೆಯುವಾಗ ಮಾಡುವ ಹಾಗೆ ಅವನು ಅದಕ್ಕೆ, ಆಯಿತು, ಆಯಿತು, ಪರಿಶೀಲಿಸುತ್ತಿದ್ದೇನೆ, ಎನ್ನುತ್ತಿದ್ದ. ಫೋನು ತೆರೆದುಕೊಂಡಾಗ, ಪರದೆಯಲ್ಲಿ ಕಂಡದ್ದು ಮರಳು ಮೆತ್ತಿದ ಕಣ್ಣಿನ ಒಂದು ಹೆಣ. ಎಂಥ ದಡ್ಡನಿಗೂ ತಿಳಿಯುವಷ್ಟು ಸ್ಪಷ್ಟವಾದ ಹೆಣ. ಅವನು ಒತ್ತಲಿಲ್ಲ.

ಪುಸ್ತಕದಲ್ಲಿ ಹೇಳಿದಂತೆ ಅದನ್ನು ಹರಿವಿಗೆ ಎದುರಾಗಿ ಹಿಡಿದು ಹಿಂದೆ ಮುಂದೆ ಆಡಿಸಿದ. ಬಹಳ ಹೊತ್ತು ಆಡಿಸಿದ. ಕೊಕ್ಕೆ ಆಳಕ್ಕೆ ಹೊಕ್ಕಿತ್ತು, ಬರಲಿಲ್ಲ. ಭಾವಮೈದ ನೋಡಿದರೆ ಏನೆನ್ನುತ್ತಾನೆ, ಟೋಪಿ ತೆಗೆದಿಟ್ಟು ನಡೆದುಬಿಡುತ್ತೇನೆ ಎಂದು ಭಾಷಣ ಮಾಡಿದವನು ತಾನೇ ಅಲ್ಲವೇ. ಕತ್ತರಿ ಹುಡುಕುವ ವ್ಯವಧಾನವಿರಲಿಲ್ಲ. ದಾರವನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಜಗ್ಗಿದ. ದಾರ ತುಂಡಾಯಿತು, ಅದರ ಜೊತೆ ಹಲ್ಲಿನ ಒಂದು ಮೂಲೆಯೂ ಚಟ್ಟೆಂದಿತು. ಕೈ ಬಿಟ್ಟ. ಮೀನು ಹೊಟ್ಟೆ ಮೇಲೆ ಮಾಡಿಕೊಂಡು, ಬೆಳ್ಳಗೆ, ಯಾವ ಅವಸರವೂ ಇಲ್ಲದೆ, ತಿರುವಿನ ಕಡೆ ಹೊರಟಿತು. ಆಗ ಅವನಿಗೆ ಹೊಳೆಯಿತು, ಅಲ್ಲಿ ಕೆಳಗೆ ಡಾಕ್ಟರಿದ್ದಾರೆ.

ಪ್ಯಾಂಟು ಏರಿಸಿಕೊಂಡು ಮರಗಳ ನಡುವೆ ಎದ್ದುಬಿದ್ದು ಓಡಿ, ತಿರುವಿನ ಪೊದೆಯ ಹಿಂದೆ ಅವನು ಮುಟ್ಟುವ ಹೊತ್ತಿಗೆ ಡಾಕ್ಟರು ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಬಿಳಿಯದನ್ನೇ ನೋಡುತ್ತಿದ್ದರು. ಅದು ಹತ್ತಿರ ಬಂತು. ಡಾಕ್ಟರು ಮೇಲ್ಗಡೆ ನೋಡಿದರು. ಕೆಳಗಡೆ ನೋಡಿದರು. ಆಮೇಲೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಡಬ್ಬಿಗೆ ಕೈ ಹಾಕುವ ಮಗುವಿನ ಮುಖ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೈಬಲೆಯಲ್ಲಿ ಅದನ್ನು ಎತ್ತಿಕೊಂಡರು. ಕಂಕುಳಲ್ಲಿ ಇಟ್ಟುಕೊಂಡು ಅದರ ಬಾಯಿ ಅಗಲಿಸಿ ಇಣುಕಿದರು. ಜೇಬಿನಿಂದ ಇಕ್ಕಳ ಬಂತು. ಒಂದು ತಿರುವು, ಒಂದು ಜಗ್ಗು, ನೀಲಿ ಚುಕ್ಕೆಯೊಂದು ಹೊರಬಂದು ಅಂಗಿಯ ಜೇಬಿಗೆ ಇಳಿಯಿತು. ಅದೇ ಜಾಗಕ್ಕೆ ತಮ್ಮ ಕಂದು ನೊಣವನ್ನು, ಕಟ್ಟುಹಲ್ಲು ಕೂರಿಸುವಷ್ಟೇ ನಾಜೂಕಾಗಿ ಕೂರಿಸಿದರು. ಪೀಪಿ ಊದಿದರು. ಭಾವಮೈದ ಏದುಸಿರು ಬಿಡುತ್ತ ಬಂದು ಫೋನು ಹಿಡಿದಾಗ ಡಾಕ್ಟರು ಮೀನನ್ನು ಎರಡೂ ಕೈಯಲ್ಲಿ ಸಣ್ಣಗೆ ನಡುಗಿಸುತ್ತಿದ್ದರು, ಜೀವವಿದ್ದ ಹಾಗೆ. ಫೋಟೋ ಆಯಿತು. ಬಿಡಬೇಕು ಬಿಡಬೇಕು, ಗುರುಗಳು ಹೇಳಿದ್ದಾರೆ ಎನ್ನುತ್ತ ಬಗ್ಗಿ, ಅದನ್ನು ನೀರೊಳಗೆ ಇಳಿಸಿ, ಬೂಟಿನ ತುದಿಯಿಂದ ಒಂದು ಬಂಡೆಯ ಅಡಿಗೆ ಒತ್ತಿಬಿಟ್ಟರು. ಪೊದೆಯ ಹಿಂದೆ ಅವನು ಒಂದು ಹೆಜ್ಜೆ ಮುಂದಿಟ್ಟ. ಅದು ನನ್ನದು ಎನ್ನಬೇಕಿತ್ತು. ಅದು ನನ್ನದು ಎಂದರೆ, ಅದನ್ನು ಕೊಂದವನು ನಾನು ಎಂದೂ ಆಗುತ್ತಿತ್ತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

ಸಂಜೆ ಜಗಲಿಯಲ್ಲಿ ಭಾವಮೈದನ ಸಂಭ್ರಮ ಡಾಕ್ಟರದ್ದಕ್ಕಿಂತ ಹೆಚ್ಚಿತ್ತು. ಮೀನು ಹಾರಿದ್ದು, ಹೊಳೆಯುತ್ತ ಇದ್ದದ್ದು, ಬಿಟ್ಟ ಕೂಡಲೇ ಬಾಣದ ಹಾಗೆ ಹೋದದ್ದು ಎಲ್ಲವನ್ನೂ, ತಾನು ಕೊನೆಯ ಚೂರು ಮಾತ್ರ ಕಂಡಿದ್ದರೂ, ಅವನೇ ಹೇಳಿದ. ಹೇಳಿ ಮುಗಿದ ಮೇಲೆ ಭಾವಮೈದನಿಗೊಂದು ಕುತೂಹಲ ಉಳಿಯಿತು. "ಎಳೆದಿದ್ದು ಹೇಗಿತ್ತು ಡಾಕ್ಟ್ರೇ? ಅದನ್ನ ನೀವು ಹೇಳಲೇ ಇಲ್ಲ."

"ಎಳೀತು," ಎಂದರು ಡಾಕ್ಟರು. "ಚೆನ್ನಾಗೇ ಎಳೀತು." ಕಾಫಿಯ ಲೋಟವನ್ನು ಒಮ್ಮೆ ತಿರುಗಿಸಿದರು. "ಮಾತಲ್ಲಿ ಹೇಳೋಕೆ ಬರಲ್ಲಪ್ಪ. ಗುರುಗಳನ್ನ ಕೇಳು. ಅವರಿಗೆ ಗೊತ್ತು."

ಅವರು ಅವನ ಕಡೆ ನೋಡಲಿಲ್ಲ. ಲೋಟದ ಕಡೆ ನೋಡುತ್ತಿದ್ದರು. ಭಾವಮೈದ ಅವನ ಕಡೆಗೆ ಕುರ್ಚಿ ತಿರುಗಿಸಿಕೊಂಡ. ಅವನಿಗೆ ಮುರಿದ ಹಲ್ಲಿನ ಅಂಚು ನಾಲಿಗೆಗೆ ಚುಚ್ಚುತ್ತಿತ್ತು. ಗೊತ್ತಿಲ್ಲ ಎಂದರೆ ಗುರುಗಳೂ ಡಾಕ್ಟರೂ ಇಬ್ಬರೂ ಒಟ್ಟಿಗೆ ಮುಳುಗುತ್ತಾರೆ. ಒಂದು ಗಳಿಗೆ ಆ ಮುಳುಗು ಅವನಿಗೆ ಬೇಕೆನಿಸಿತು.

"ಮೊದಲು ಎಳೆಯೋದೇ ಇಲ್ಲ," ಎಂದ. "ಕಲ್ಲಿಗೆ ಸಿಕ್ಕಿಕೊಳ್ತು ಅಂದ್ಕೋತೀಯ. ಬೈಕೋತೀಯ. ಆಮೇಲೆ ಆ ಕಲ್ಲು ಪಕ್ಕಕ್ಕೆ ಸರಿಯುತ್ತೆ. ಅಲ್ಲಿಗೆ ಮುಗೀತು. ಕೈ ನಿಂದಲ್ಲ, ಕಾಲು ನಿಂದಲ್ಲ. ಹಲ್ಲಿನ ಬುಡದಲ್ಲಿ ನಡುಗುತ್ತೆ. ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ಅನ್ನೋದೂ ತಿಳಿಯಲ್ಲ. ಯಾರಾದರೂ ನೋಡ್ಲಿ, ಒಬ್ಬರಾದರೂ ನೋಡ್ಲಿ ಅನ್ಸುತ್ತೆ."

"ಹಾಗೇ," ಎಂದರು ಡಾಕ್ಟರು ಮೆಲ್ಲಗೆ. "ಅಕ್ಷರಶಃ ಹಾಗೇ ಇತ್ತು."

ಇಷ್ಟು ವರ್ಷದಲ್ಲಿ ಅವನು ಹೇಳಿದ ಅತ್ಯುತ್ತಮ ಮೀನಿನ ಕಥೆ ಅದು. ನಿಜವಾದ ಒಂದೇ ಕಥೆಯೂ ಅದೇ. ಅದು ಡಾಕ್ಟರದ್ದಾಯಿತು. ಭಾವಮೈದ ಮೈ ಜುಮ್ಮೆಂದಿತು ಎಂದು ತೋಳು ತೋರಿಸಿ, ಮತ್ತೆ ಫೋನು ತೆಗೆದು ಫೋಟೋ ದೊಡ್ಡದು ಮಾಡಿ ನೋಡತೊಡಗಿದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಿಕ್ಕಿತು. ಗಾರೆಯಲ್ಲಿ ಮರಳು ಎಷ್ಟು ಸೇರಿದೆ ಎಂದು ದೂರದಿಂದ ಹೇಳಬಲ್ಲ ಕಣ್ಣು ಅದು. "ಭಾವ, ಇದರ ಕಣ್ಣಿಗೆ ಮರಳು ಮೆತ್ತಿದೆಯಲ್ಲ. ನೀರಿಂದ ಈಗ ತಾನೇ ಎತ್ತಿದ ಮೀನಿಗೆ ಮರಳು ಎಲ್ಲಿಂದ ಬಂತು?"

ಡಾಕ್ಟರ ಲೋಟ ತಿರುಗುವುದು ನಿಂತಿತು. ಅವನು ಫೋನು ತೆಗೆದುಕೊಂಡು, ಕನ್ನಡಕ ಏರಿಸಿ, ತನ್ನ ಮೊಣಕಾಲಿನ ಕೆಳಗೆ ಸತ್ತದ್ದನ್ನು ಡಾಕ್ಟರ ಕೈಯಲ್ಲಿ ಬಹಳ ಹೊತ್ತು ನೋಡಿದ. "ಈ ಜಾತೀದು ಹಾಗೇ," ಎಂದ. "ಸುಸ್ತಾದಾಗ ತಳಕ್ಕೆ ಹೋಗಿ ಮುಖ ಉಜ್ಜುತ್ತೆ. ಗಾಳ ಕಳಚಲಿ ಅಂತ. ಬಹಳ ಜಾಣ ಮೀನು." ಭಾವಮೈದ ತಲೆಯಾಡಿಸಿದ. ಡಾಕ್ಟರು ಕಾಫಿ ಕುಡಿದರು.

ಮನೆಗೆ ಬಂದಾಗ ಹೆಂಡತಿ ಚೀಲ ಬಿಚ್ಚಿ ಒದ್ದೆ ಬಟ್ಟೆ ಬೇರೆ ಮಾಡುತ್ತಿದ್ದಳು. ಸಿಗ್ನಲ್ ಸಿಕ್ಕ ಮೊದಲ ತಿರುವಿನಲ್ಲೇ ತಮ್ಮ ಫೋಟೋ ಕಳಿಸಿದ್ದ. ಡಾಕ್ಟರಿಗೆ ಒಳ್ಳೆಯದೇ ಸಿಕ್ಕಿದೆಯಲ್ಲ ಎಂದಳು. ಆಮೇಲೆ ಬಟ್ಟೆಯ ರಾಶಿಯಿಂದ ತಲೆ ಎತ್ತಿ, "ನಿಮಗೆ?" ಎಂದಳು. ಹೇಳಿಬಿಡಬೇಕು ಎಂದೇ ಅವನು ಬಾಯಿ ತೆರೆದ. ಮೊಣಕಾಲು, ಫೋನು, ಆಯಿತು ಆಯಿತು ಎಂದದ್ದು, ಎಲ್ಲ ತುದಿನಾಲಿಗೆಯವರೆಗೆ ಬಂದಿತ್ತು. "ಸಿಕ್ಕಿತ್ತು," ಎಂದ. "ಬಿಟ್ಟುಬಿಟ್ಟೆ."

ಅವಳು ಹೂಂ ಎಂದಳು. ಹಾಕಿಕೊಳ್ಳದೇ ಉಳಿದಿದ್ದ ಕಾಲುಚೀಲದ ಜೊತೆಯನ್ನು ಮಡಿಸಿದಂತೆಯೇ ಕಪಾಟಿಗೆ ಎಸೆದಳು. "ಕಾಲು ಉಳುಕಿತು ಅಂದಿದ್ರೆ ಆಗ್ತಿತ್ತು."

ತಣ್ಣೀರು ತಾಗಿದರೆ ಹಲ್ಲು ತಲೆಯವರೆಗೆ ಜುಮ್ಮೆನ್ನತೊಡಗಿತು. ಬೇರೆ ಹಲ್ಲಿನ ಡಾಕ್ಟರನ್ನು ಹುಡುಕಬಹುದಿತ್ತು, ಆದರೆ ಹೆಂಡತಿ ತಾನಾಗಿಯೇ ಇದೇ ಡಾಕ್ಟರಿಗೆ ಫೋನು ಮಾಡಿ ಸಮಯ ಗೊತ್ತು ಮಾಡಿಬಿಟ್ಟಿದ್ದಳು. ಕಾಯುವ ಕೋಣೆಯ ಗೋಡೆಯ ಮೇಲೆ, ಮೊದಲು ಹಲ್ಲುಜ್ಜುವ ಕ್ರಮದ ಚಿತ್ರವಿದ್ದ ಜಾಗದಲ್ಲಿ, ಫೋಟೋ ಬಂದಿತ್ತು. ದೊಡ್ಡ ಗಾಜಿನ ಚೌಕಟ್ಟು, ಸಣ್ಣ ದೀಪ. ಅಷ್ಟು ದೊಡ್ಡದಾದರೂ ಕಣ್ಣಿನ ಮರಳು ಕಾಣುತ್ತಿರಲಿಲ್ಲ, ಯಾರೋ ಅಳಿಸಿ ಸರಿಮಾಡಿದ್ದರು. ಕಣ್ಣು ಮಿಂಚುತ್ತಿತ್ತು. ಎದುರಿನ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತ ಹೆಂಗಸು ನೋವಿನ ನಡುವೆಯೂ ಅದನ್ನೇ ನೋಡುತ್ತಿದ್ದಳು. ಒಳಗೆ ಕುರ್ಚಿ ಹಿಂದಕ್ಕೆ ವಾಲಿತು, ದೀಪ ಕಣ್ಣಿಗೆ ಹೊಡೆಯಿತು. ವಸಡಿಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಅವನ ಮುಖದ ಕೆಳಭಾಗ ಬೇರೆ ಯಾರದೋ ಆಯಿತು. ಡಾಕ್ಟರು ಬಗ್ಗಿ ಬಾಯಿ ಅಗಲಿಸಿ ಇಣುಕಿದರು. ಇಣುಕಿದವರು ಮುರಿದ ಅಂಚನ್ನು ಕನ್ನಡಿಯ ತುದಿಯಿಂದ ಒಮ್ಮೆ ಮುಟ್ಟಿದರು.

"ದಾರ ಕಚ್ಚಿದ್ರಾ ಗುರುಗಳೇ?" ಎಂದು ಕೇಳಿದರು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ಕೈಯಲ್ಲಿ ಅದೇ ಸಣ್ಣ ಇಕ್ಕಳವಿತ್ತು. "ಮೀನಿನ ಬಾಯಲ್ಲಿದ್ದ ತುದಿ ನೋಡಿದೆ. ಜಗಿದ ಹಾಗಿತ್ತು."

ಎರಡು ಬೆರಳು, ಒಂದು ಕನ್ನಡಿ, ಎಂಜಲು ಹೀರುವ ಒಂದು ಕೊಳವೆ ಬಾಯಲ್ಲಿಟ್ಟುಕೊಂಡು ಅವನು ದೀಪವನ್ನು ನೋಡಿದ. ಡಾಕ್ಟರ ಬೆರಳು ಕೊಂಚವೂ ನಡುಗಲಿಲ್ಲ. ತಮ್ಮ ಕೆಲಸ ಬಲ್ಲವರ ಬೆರಳು. ಮುರಿದ ಅಂಚನ್ನು ಉಜ್ಜಿ, ಅಂಟು ತುಂಬಿ, ಮತ್ತೆ ಉಜ್ಜಿದರು. ನಡುವೆ ಒಮ್ಮೆ ಮೇಜಿನ ಸೆಳೆಖಾನೆ ಎಳೆದು, ಏನನ್ನೋ ಇಕ್ಕಳದಲ್ಲಿ ಎತ್ತಿ, ಅವನ ಪಕ್ಕದ ಸ್ಟೀಲು ತಟ್ಟೆಯಲ್ಲಿ ರಕ್ತದ ಹತ್ತಿಯುಂಡೆಗಳ ನಡುವೆ ಇಟ್ಟರು. ಅವನು ಕಣ್ಣು ಹೊರಳಿಸಿ ನೋಡಿದ. ತೊಳೆದು ಒಣಗಿಸಿದ್ದರು. ನೀಲಿ ಉಣ್ಣೆ ಹೊಸದರ ಹಾಗೆ ಉಬ್ಬಿಕೊಂಡಿತ್ತು. ನಿಮ್ಮ ಹತ್ತಿರ ಫೀಸು ತೆಗೆದುಕೊಳ್ಳುತ್ತೇನೆಯೇ ಎಂದು ಡಾಕ್ಟರು ನರ್ಸಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದರು.

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಹೆಂಗಸು ತಡೆಯಲಾರದೆ ನರ್ಸನ್ನು, ಅಷ್ಟು ದೊಡ್ಡದನ್ನು ಡಾಕ್ಟರೇ ಹಿಡಿದದ್ದಾ, ಆಮೇಲೆ ಏನು ಮಾಡಿದರು ಎಂದು ಕೇಳುತ್ತಿದ್ದಳು. ಡಾಕ್ಟರು ಕೈ ನಿಲ್ಲಿಸದೆ ಬಾಗಿಲ ಕಡೆ ಕತ್ತು ಹೊರಳಿಸಿದರು. "ಸಿಕ್ಕಿತ್ತಮ್ಮ. ಬಿಟ್ಟುಬಿಟ್ಟೆ," ಎಂದರು. ಆ ಮಾತು ಅವರ ಬಾಯಲ್ಲಿ ಅವನದ್ದಕ್ಕಿಂತ ಚೆನ್ನಾಗಿ ಕೂತಿತ್ತು. "ಬೇಕಿದ್ರೆ ಇವರನ್ನೇ ಕೇಳಿ. ನಮ್ಮ ಗುರುಗಳು. ಪಕ್ಕದಲ್ಲೇ ಇದ್ರು. ಅಲ್ವಾ ಗುರುಗಳೇ?"

ಹೆಂಗಸು ಕೆನ್ನೆಯ ಮೇಲಿನ ಕೈ ತೆಗೆಯದೆ ಬಾಗಿಲಲ್ಲಿ ಇಣುಕಿ ನಿಂತಳು. ತೆರೆದ ಬಾಯಿಯಿಂದ ಅವನು "ಆ" ಎಂದ. ಹೌದು ಎಂಬುದಕ್ಕೂ ಇಲ್ಲ ಎಂಬುದಕ್ಕೂ ಆ ಸ್ಥಿತಿಯಲ್ಲಿ ಒಂದೇ ಸದ್ದು. ಅವಳು ತಲೆಯಾಡಿಸಿದಳು, ನಂಬಿದಳು. ಡಾಕ್ಟರು ಬೆರಳು, ಕನ್ನಡಿ, ಕೊಳವೆ ಒಂದೊಂದಾಗಿ ಹೊರತೆಗೆದು, ಅವನ ಗಲ್ಲದ ಮೇಲೆ ಇಳಿದಿದ್ದ ನೀರನ್ನು ಒರೆಸಿ, ಆಯಿತು, ಇನ್ನು ಬಾಯಿ ಮುಚ್ಚಬಹುದು ಎಂದರು. ಅವನು ಮುಚ್ಚಿದ. ತುಟಿಗೆ ಸ್ಪರ್ಶವೇ ಇರಲಿಲ್ಲ. ಮುಚ್ಚಿದೆಯೋ ಇಲ್ಲವೋ ತಿಳಿಯದೆ ಬೆರಳಿನಿಂದ ಮುಟ್ಟಿ ನೋಡಿಕೊಂಡ. ತೆರೆದೇ ಇತ್ತು.